ಬಾಡಿಗೆದಾರನನ್ನು ಕಾಯುವ ಖರ್ಚು ಯಾರದು?

2023ರಲ್ಲಿ ಮುಂಬೈಯ ಮ್ಹಾಡಾ, ಅಂದರೆ ಮಹಾರಾಷ್ಟ್ರ ಸರ್ಕಾರದ ವಸತಿ ಪ್ರಾಧಿಕಾರ, 4,082 ಮನೆಗಳಿಗೆ ಲಾಟರಿ ಎತ್ತಿತು. ಅರ್ಜಿ ಹಾಕಿದವರು ಒಂದು ಲಕ್ಷಕ್ಕೂ ಮಿಕ್ಕಿ. ಮರುವರ್ಷ ಮನೆಗಳು 2,030ಕ್ಕೆ ಇಳಿದವು, ಅರ್ಜಿಗಳು ಮಾತ್ರ ಮತ್ತೆ ಲಕ್ಷ ದಾಟಿದವು. ಇದೇ ಊರಿನ ಗಿರ್‌ಗಾಂವ್, ಕಾಲ್ಬಾದೇವಿ, ಭುಲೇಶ್ವರಗಳಲ್ಲಿ ಇಂದಿಗೂ ತಿಂಗಳಿಗೆ ಕೆಲವೇ ನೂರು ರೂಪಾಯಿ ಬಾಡಿಗೆಯ ಖೋಲಿಗಳಿವೆ. ಅದೇ ಬೀದಿಯ ಹೊಸ ಕಟ್ಟಡದಲ್ಲಿ ಬಾಡಿಗೆ ಹತ್ತಾರು ಸಾವಿರ. ಹೀಗೆ ಒಂದೇ ಊರಿನಲ್ಲಿ ಒಬ್ಬನಿಗೆ ಮನೆ ಹೆಚ್ಚುಕಡಿಮೆ ಪುಕ್ಕಟೆ, ಇನ್ನೊಬ್ಬನಿಗೆ ಅರ್ಧ ಸಂಬಳ, ಮೂರನೆಯವನಿಗೆ ಬರೀ ಲಾಟರಿ ಚೀಟಿ.

ಈ ವಿಚಿತ್ರ ಒಂದು ದಿನದಲ್ಲಿ ಆದದ್ದಲ್ಲ. ಇದರ ಹಿಂದೆ ಒಳ್ಳೆಯ ಉದ್ದೇಶದಿಂದ ಮಾಡಿದ ಒಂದು ಕಾನೂನಿದೆ, ಅದನ್ನು ಮುಟ್ಟಲು ಹೆದರಿದ ಹಲವು ಸರ್ಕಾರಗಳಿವೆ. ಬಾಡಿಗೆದಾರನ ರಕ್ಷಣೆ ಮುಖ್ಯವೋ, ಆಸ್ತಿಗೆ ಹಣ ಹಾಕುವವನ ಉತ್ಸಾಹ ಮುಖ್ಯವೋ ಎಂಬ ಪ್ರಶ್ನೆ ಬಂದಾಗಲೆಲ್ಲ ನಮ್ಮಲ್ಲಿ ಜನ ಎರಡು ಪಂಗಡವಾಗುತ್ತಾರೆ. ಬಾಡಿಗೆ ಕಟ್ಟಿಹಾಕಿದರೆ ಊರು ಹಾಳು ಎನ್ನುತ್ತಾರೆ ಒಬ್ಬರು, ಬಿಟ್ಟರೆ ಬಡವ ಬೀದಿಪಾಲು ಎನ್ನುತ್ತಾರೆ ಇನ್ನೊಬ್ಬರು. ಮುಂಬೈಯ ಕಥೆಯನ್ನು ನಿಧಾನವಾಗಿ ಓದಿದರೆ ಈ ಎರಡು ಮಾತಿಗಿಂತ ಹಿಂದೆಯೇ ಕೇಳಬೇಕಾದ ಪ್ರಶ್ನೆಯೊಂದಿದೆ ಅನ್ನಿಸುತ್ತದೆ. ಬಾಡಿಗೆದಾರನನ್ನು ಕಾಯುವುದು ಸರಿ. ಕಾಯುವ ಖರ್ಚು ಯಾರದು?

ಮೊದಲು ಆ ಕಾಲಕ್ಕೆ ಹೋಗೋಣ. ಮುಂಬೈಯಲ್ಲಿ ಬಾಡಿಗೆಗೆ ಕಡಿವಾಣ ಹಾಕಿದ ಮೊದಲ ಕಾನೂನು ಬಂದದ್ದು 1918ರಲ್ಲಿ, ಮೊದಲ ಮಹಾಯುದ್ಧದ ಬೆಲೆಯೇರಿಕೆಯ ನಡುವೆ. ಎರಡನೆಯ ಮಹಾಯುದ್ಧ ಶುರುವಾದಾಗ ಮತ್ತೆ ನಿಯಂತ್ರಣ ಬಂತು. ಸ್ವಾತಂತ್ರ್ಯದ ವರ್ಷವಾದ 1947ರಲ್ಲಿ ಅದು ದೊಡ್ಡ ಕಾನೂನಾಗಿ ನಿಂತಿತು. 1940ರ ಸೆಪ್ಟೆಂಬರ್ 1ರಂದು ಯಾವ ಮನೆಗೆ ಎಷ್ಟು ಬಾಡಿಗೆ ಇತ್ತೋ ಅದೇ ಪ್ರಮಾಣಿತ ಬಾಡಿಗೆ, ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ ಎಂಬುದು ಅದರ ತಿರುಳು. ಬಾಡಿಗೆದಾರನನ್ನು ಸುಲಭವಾಗಿ ಎಬ್ಬಿಸುವ ಹಾಗೂ ಇರಲಿಲ್ಲ. ಧಾರವಾಡ, ಬೆಳಗಾವಿಗಳು ಆಗ ಮುಂಬೈ ಪ್ರಾಂತದಲ್ಲೇ ಇದ್ದವು; ಆದ್ದರಿಂದ ಇದು ನಮಗೆ ಪೂರ್ತಿ ಹೊರಗಿನ ಕಥೆಯಲ್ಲ.

ಅಂದಿನ ಮಟ್ಟಿಗೆ ಈ ಕಾನೂನು ತಪ್ಪೆಂದು ಹೇಳುವವರು ಕಡಿಮೆ. ಗಿರಣಿಗಳಲ್ಲಿ ದುಡಿಯಲು ಕೊಂಕಣದಿಂದ, ಘಟ್ಟದಿಂದ, ನಮ್ಮ ಕರಾವಳಿಯಿಂದ ಜನ ಬಂದು ಸೇರುತ್ತಿದ್ದರು. ದೇಶ ಒಡೆದು ನಿರಾಶ್ರಿತರು ಬಂದಿಳಿದಿದ್ದರು. ಸಿಮೆಂಟು, ಕಬ್ಬಿಣ ಸಿಗದೆ ಹೊಸ ಮನೆ ಏಳುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಮಾಲೀಕ ಬಾಯಿಗೆ ಬಂದ ಬಾಡಿಗೆ ಹೇಳಿದರೆ ಕೊಡಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಆ ದಬ್ಬಾಳಿಕೆಗೆ ಕಾನೂನು ಅಡ್ಡ ನಿಂತಿತು. ತಾತ್ಕಾಲಿಕ ಎಂದು ಹೇಳಿಯೇ ಮಾಡಿದ ಕಾನೂನು ಅದು. ಆದರೆ ಅವಧಿ ಮುಗಿದಾಗಲೆಲ್ಲ ಮುಂದುವರಿಸುತ್ತಾ ಹೋದರು. ಬಾಡಿಗೆದಾರರ ಮತ ಲಕ್ಷಗಟ್ಟಲೆ, ಮಾಲೀಕರದು ಕೆಲವು ಸಾವಿರ. ಈ ಲೆಕ್ಕ ಯಾವ ಪಕ್ಷಕ್ಕೂ ಗೊತ್ತಿತ್ತು.

ಈಗ ಹತ್ತು ರೂಪಾಯಿ ಬಾಡಿಗೆಯ ಒಂದು ಖೋಲಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಗಾರೆಯವನ ಕೂಲಿ ಏರಿತು, ಮರದ ಬೆಲೆ ಏರಿತು, ಸುಣ್ಣ ಬಣ್ಣದ ಬೆಲೆ ಏರಿತು. ತೆರಿಗೆ ಏರಿದಷ್ಟನ್ನು ಸೇರಿಸಿಕೊಳ್ಳಲು ಒಂದಿಷ್ಟು ಅವಕಾಶವಿತ್ತು, ಮೂಲ ಬಾಡಿಗೆ ಮಾತ್ರ ಅಲುಗಲಿಲ್ಲ. ಮೂವತ್ತು ವರ್ಷವಾದ ಮೇಲೆ ಆ ಹತ್ತು ರೂಪಾಯಿಯಲ್ಲಿ ಸೋರುವ ಸೂರಿನ ಹೆಂಚನ್ನೂ ಬದಲಾಯಿಸಲಾಗುವುದಿಲ್ಲ. ಮಾಲೀಕ ಕೈಚೆಲ್ಲಿದ. ಕೆಲವರಂತೂ ಕಟ್ಟಡ ಬಿದ್ದರೇ ಒಳ್ಳೆಯದು, ಜಾಗವಾದರೂ ಕೈಗೆ ಬರುತ್ತದೆ ಎಂದು ಕಾಯತೊಡಗಿದರು. ಬಾಡಿಗೆದಾರನಿಗೂ ದುರಸ್ತಿಗೆ ಕೈಯಿಂದ ಹಾಕುವ ಮನಸ್ಸಿಲ್ಲ, ಮನೆ ಅವನದಲ್ಲವಲ್ಲ. ಹೀಗೆ ಇಬ್ಬರೂ ಬಿಟ್ಟ ಕಟ್ಟಡದ ಮೇಲೆ ಮುಂಬೈಯ ಮಳೆ ವರ್ಷವರ್ಷವೂ ಸುರಿಯಿತು.

ಇಲ್ಲಿ ಪಾಲಿಕೆಯ ಪಾಡನ್ನೂ ಹೇಳಬೇಕು, ಏಕೆಂದರೆ ಅದರ ಮೇಲೆ ಬಿದ್ದ ಪೆಟ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಬಾಡಿಗೆ ಕಾನೂನು ಮಾಡುವುದು ರಾಜ್ಯದ ವಿಧಾನಮಂಡಲ. ಆಸ್ತಿ ತೆರಿಗೆ ಎತ್ತುವುದು, ಕಟ್ಟಲು ಪರವಾನಗಿ ಕೊಡುವುದು, ಅಪಾಯದ ಕಟ್ಟಡಕ್ಕೆ ನೋಟಿಸು ಅಂಟಿಸುವುದು ಪಾಲಿಕೆ. ಆ ದಿನಗಳಲ್ಲಿ ಆಸ್ತಿ ತೆರಿಗೆಯನ್ನು ಕಟ್ಟುತ್ತಿದ್ದದ್ದು ಆ ಮನೆಗೆ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದು ಎಂಬ ಲೆಕ್ಕದ ಮೇಲೆ. ಕಾನೂನು ಗೊತ್ತುಮಾಡಿದ ಪ್ರಮಾಣಿತ ಬಾಡಿಗೆಗಿಂತ ಹೆಚ್ಚನ್ನು ತೆರಿಗೆಗಾಗಿ ಊಹಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟು ದೆಹಲಿಯ ಮೊಕದ್ದಮೆಯೊಂದರಲ್ಲಿ ಹೇಳಿತು. ಅಂದಮೇಲೆ ಬಾಡಿಗೆಯ ಜೊತೆಗೆ ತೆರಿಗೆಯೂ ಕಟ್ಟಿಹಾಕಿದಂತಾಯಿತು. ದೇಶದಲ್ಲೇ ಅತಿ ದುಬಾರಿಯಾದ ನೆಲದ ಮೇಲೆ ನಿಂತ ಹಳೆಯ ಕಟ್ಟಡಗಳು ಪುಡಿಗಾಸು ತೆರಿಗೆ ಕಟ್ಟಿದವು. ಪಾಲಿಕೆ ಊರೊಳಗೆ ಬರುವ ಸರಕಿನ ಮೇಲಿನ ಆಕ್ಟ್ರಾಯ್ ಸುಂಕವನ್ನು ನೆಚ್ಚಿಕೊಂಡು ಕಾಲ ಹಾಕಿತು. ಬಾಡಿಗೆಯ ಲೆಕ್ಕ ಬಿಟ್ಟು ಆಸ್ತಿಯ ಮೌಲ್ಯದ ಮೇಲೆ ತೆರಿಗೆ ಹಾಕುವ ಪದ್ಧತಿಗೆ ಅದು ಬಂದದ್ದು 2010ರಲ್ಲಿ. ಬಾಡಿಗೆದಾರರಿಗೆ ಅಗ್ಗದ ಮನೆ ಕಟ್ಟಿಕೊಡಲು ಯಾವ ಹಣ ಬೇಕಾಗಿತ್ತೋ, ಆ ಹಣದ ದಾರಿಯನ್ನೇ ಬಾಡಿಗೆ ಕಾನೂನು ಕಿರಿದು ಮಾಡಿತ್ತು.

ಕಾನೂನು ಬೆಲೆಯನ್ನು ಕಟ್ಟಿಹಾಕಿದಾಗ ಬೆಲೆ ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತದೆ. ಮುಂಬೈಯಲ್ಲಿ ಅದು ಪಗಡಿಯ ರೂಪದಲ್ಲಿ ಬಂತು. ಹೊಸಬನಿಗೆ ಖೋಲಿ ಬೇಕೆಂದರೆ ಮೊದಲು ದೊಡ್ಡ ಮೊತ್ತವೊಂದನ್ನು ಕೊಡಬೇಕು. ಆಮೇಲೆ ತಿಂಗಳಿಗೆ ಅದೇ ಹಳೆಯ ಹತ್ತಿಪ್ಪತ್ತು ರೂಪಾಯಿ. ಮುಂದೆ ಅವನು ಬಿಟ್ಟು ಹೋಗುವಾಗ ಮತ್ತೊಬ್ಬನಿಂದ ಪಗಡಿ ಪಡೆದು, ಅದರಲ್ಲೊಂದು ಪಾಲನ್ನು ಮಾಲೀಕನಿಗೆ ಕೊಡುತ್ತಾನೆ. ಆಗ ಕಾನೂನಿನ ಕಣ್ಣಿನಲ್ಲಿ ಇದು ಅಪರಾಧವಾಗಿತ್ತು; ಊರಿನ ಕಣ್ಣಿನಲ್ಲಿ ದಿನನಿತ್ಯದ ವ್ಯವಹಾರ. ಈ ನಿಯಂತ್ರಣ ಅಂಗಡಿ, ಹೋಟೆಲುಗಳ ಜಾಗಕ್ಕೂ ಇತ್ತು. ಕರಾವಳಿಯಿಂದ ಹೋದ ನಮ್ಮವರು ಕಟ್ಟಿ ಬೆಳೆಸಿದ ಹಳೆಯ ಉಡುಪಿ ಹೋಟೆಲುಗಳಲ್ಲಿ ಎಷ್ಟೋ ಹೋಟೆಲುಗಳು ಪಗಡಿಯ ಜಾಗದಲ್ಲೇ ನಿಂತವು. ಪಗಡಿ ಕೊಡುವ ಶಕ್ತಿ ಇದ್ದವನಿಗೆ ಈ ಕಾನೂನು ಆಸ್ತಿಯಾಯಿತು. ಆ ಶಕ್ತಿ ಇಲ್ಲದವನು, ಅಂದರೆ ಕಾನೂನು ಯಾರನ್ನು ಕಾಯಬೇಕಾಗಿತ್ತೋ ಆ ಬಡವ, ಝೋಪಡಪಟ್ಟಿಯ ದಾರಿ ಹಿಡಿದ. ಅಲ್ಲಿ ಅವನು ಬಾಡಿಗೆ ಕೊಟ್ಟ, ಆದರೆ ಯಾವ ರಕ್ಷಣೆಯೂ ಸಿಗಲಿಲ್ಲ. 2011ರ ಜನಗಣತಿಯ ಹೊತ್ತಿಗೆ ಬೃಹನ್ಮುಂಬೈಯ ಮನೆತನಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಕೊಳೆಗೇರಿಗಳಲ್ಲಿದ್ದವು.

ಇದಕ್ಕೆಲ್ಲ ಬಾಡಿಗೆ ಕಾನೂನೊಂದೇ ಕಾರಣ ಎಂದು ಹೇಳಿದರೆ ಅನ್ಯಾಯವಾಗುತ್ತದೆ. ನಿವೇಶನದ ಮೇಲೆ ಎಷ್ಟು ಚದರಡಿ ಕಟ್ಟಬಹುದು ಎಂಬ ಎಫ್‌ಎಸ್‌ಐ ಮಿತಿಯನ್ನು ಮುಂಬೈಯಲ್ಲಿ ದಶಕಗಟ್ಟಲೆ ಬಹಳ ಬಿಗಿ ಹಿಡಿದರು. 1976ರ ನಗರ ಭೂಮಿತಿ ಕಾನೂನು ಹೆಚ್ಚುವರಿ ಜಮೀನನ್ನು ಬಡವರ ಮನೆಗೆ ತರುತ್ತದೆ ಎಂದು ನಂಬಿಸಿತು. ಆದರೆ ಆ ಜಮೀನಿನ ಬಹುಪಾಲು ಕೋರ್ಟು ಕಚೇರಿಗಳಲ್ಲೇ ಸಿಕ್ಕಿಬಿತ್ತು. ಮಹಾರಾಷ್ಟ್ರ ಅದನ್ನು ಕೈಬಿಟ್ಟದ್ದು 2007ರಲ್ಲಿ. 1982ರ ಮುಷ್ಕರದ ನಂತರ ಒಂದೊಂದಾಗಿ ಮುಚ್ಚಿದ ಬಟ್ಟೆ ಗಿರಣಿಗಳ ಕಥೆ ಇನ್ನೂ ಕಹಿ. ಆ ಜಮೀನಿನಲ್ಲಿ ಮೂರರಲ್ಲೊಂದು ಪಾಲು ಪಾಲಿಕೆಯ ಬಯಲಿಗೆ, ಇನ್ನೊಂದು ಅಗ್ಗದ ವಸತಿಗೆ, ಉಳಿದದ್ದು ಮಾಲೀಕನಿಗೆ ಎಂದು 1991ರ ನಿಯಮ ಹೇಳಿತ್ತು. 2001ರಲ್ಲಿ ಆ ನಿಯಮವನ್ನೇ ತಿದ್ದಿ, ಕಟ್ಟಡವಿಲ್ಲದ ಖಾಲಿ ಜಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕೆಂದರು. ಗಿರಣಿಯ ಆವರಣದಲ್ಲಿ ಖಾಲಿ ಜಾಗ ಎಷ್ಟಿರುತ್ತದೆ? ಊರಿಗೂ ಅಗ್ಗದ ವಸತಿಗೂ ಬರಬೇಕಾದ ಪಾಲು ಕರಗಿಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಗರದ ನಡುವೆ ಬಡವರಿಗೆ ಮನೆ ಕಟ್ಟಲು ಒದಗಿದ್ದ ದೊಡ್ಡ ಅವಕಾಶ ಅಲ್ಲಿಗೆ ಬಹುಮಟ್ಟಿಗೆ ಕೈತಪ್ಪಿತು.

ಈಗ ಬೀಳುವ ಕಟ್ಟಡಗಳ ಕಡೆ ಬರೋಣ. 1969ರಲ್ಲಿ ಸರ್ಕಾರ ದುರಸ್ತಿ ಮಂಡಳಿಯೊಂದನ್ನು ಮಾಡಿತು. ಮುಂಬೈಯ ದ್ವೀಪನಗರದ, ಅಂದರೆ ದಕ್ಷಿಣದ ಹಳೆಯ ಭಾಗದ, ಸುಮಾರು 19 ಸಾವಿರ ಹಳೆಯ ಕಟ್ಟಡಗಳ ಮೇಲೆ ಸೆಸ್ ಹಾಕಿ, ಆ ಹಣದಿಂದ ದುರಸ್ತಿ ಮಾಡಿಸುವುದು ಯೋಜನೆ. ಸೆಸ್ ಚಿಕ್ಕದು, ಒಂದೊಂದು ಕಟ್ಟಡಕ್ಕೆ ಖರ್ಚು ಮಾಡಲು ಮಿತಿಯೂ ಇತ್ತು. ಒಂದು ತೊಲೆಗೆ ಆಸರೆ ಕೊಡುವಷ್ಟರಲ್ಲಿ ಇನ್ನೊಂದು ತೊಲೆ ಹಣ್ಣಾಗುತ್ತಿತ್ತು. 2017ರ ಆಗಸ್ಟ್ 31ರಂದು ಭೆಂಡಿ ಬಜಾರಿನ ಹುಸೈನಿ ಕಟ್ಟಡ ಕುಸಿದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. 2019ರ ಜುಲೈಯಲ್ಲಿ ಡೋಂಗ್ರಿಯಲ್ಲಿ ಮತ್ತೊಂದು ಕುಸಿಯಿತು. ಬಾಡಿಗೆದಾರನನ್ನು ಮಾಲೀಕನಿಂದ ಕಾಪಾಡಿದ ಕಾನೂನಿಗೆ ಅವನ ತಲೆಯ ಮೇಲಿನ ಮಾಡಿನಿಂದ ಅವನನ್ನು ಕಾಪಾಡಲಾಗಲಿಲ್ಲ.

1986ರಲ್ಲಿ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸೆಸ್ ಕಟ್ಟುವ ಕಟ್ಟಡದ ಬಾಡಿಗೆದಾರರಲ್ಲಿ ನೂರಕ್ಕೆ 70 ಮಂದಿ ಸಹಕಾರ ಸಂಘ ಕಟ್ಟಿಕೊಂಡು ಕೇಳಿದರೆ, ಮಾಲೀಕನಿಗೆ ತಿಂಗಳ ಬಾಡಿಗೆಯ ನೂರು ಪಟ್ಟು ಕೊಟ್ಟು ಆ ಕಟ್ಟಡವನ್ನೇ ಸ್ವಾಧೀನ ಮಾಡಿಕೊಳ್ಳಬಹುದು ಎಂಬ ತಿದ್ದುಪಡಿ ಬಂತು. ಲೆಕ್ಕ ಹಾಕಿ ನೋಡಿ. ತಿಂಗಳಿಗೆ ಒಟ್ಟು ಸಾವಿರ ರೂಪಾಯಿ ಬಾಡಿಗೆ ಬರುವ ಇಡೀ ಕಟ್ಟಡ, ಅದರ ಕೆಳಗಿನ ನೆಲ, ಎಲ್ಲ ಸೇರಿ ಒಂದು ಲಕ್ಷ. ಮೊದಲು ಬಾಡಿಗೆಯನ್ನು 1940ಕ್ಕೆ ಕಟ್ಟಿಹಾಕಿ, ಆಮೇಲೆ ಆ ಬಾಡಿಗೆಯ ಮೇಲೇ ಬೆಲೆ ಕಟ್ಟುವುದು. ಮಾಲೀಕರು ಕೋರ್ಟಿಗೆ ಹೋದರು. ಆ ಮೊಕದ್ದಮೆ ಮೂವತ್ತು ವರ್ಷಕ್ಕೂ ಮಿಕ್ಕಿ ನಡೆದು, 2024ರ ನವೆಂಬರ್ 5ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠದಲ್ಲಿ, ಖಾಸಗಿ ಆಸ್ತಿಯನ್ನು ಸಮುದಾಯದ ಸಂಪತ್ತೆಂದು ಎಣಿಸಬಹುದೇ ಎಂಬ ಅದರ ಮುಖ್ಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಖಾಸಗಿ ಆಸ್ತಿಯೆಲ್ಲವೂ ಸಮುದಾಯದ ಸಂಪತ್ತು ಎಂದು ಸಾರಾಸಗಟಾಗಿ ಹೇಳಲಾಗದು ಎಂದಿತು ಬಹುಮತದ ತೀರ್ಪು.

ಈ ತೀರ್ಪಿನಲ್ಲಿ ಕರ್ನಾಟಕದ ಎಳೆಯೂ ಇದೆ. 1976ರಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಬಸ್ಸುಗಳನ್ನು ಕಾನೂನು ಮಾಡಿ ವಶಪಡಿಸಿಕೊಂಡಿತ್ತು. ರಂಗನಾಥ ರೆಡ್ಡಿ ಮೊಕದ್ದಮೆ ಎಂದು ಹೆಸರಾದ ಆ ವ್ಯಾಜ್ಯದಲ್ಲಿ, 1977ರಲ್ಲಿ, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಖಾಸಗಿ ಸಂಪತ್ತೂ ಸಮುದಾಯದ ಸಂಪತ್ತೇ ಎಂಬ ವಿಶಾಲ ಅರ್ಥವನ್ನು ತಮ್ಮ ಪ್ರತ್ಯೇಕ ತೀರ್ಪಿನಲ್ಲಿ ಬರೆದಿದ್ದರು. ಕರ್ನಾಟಕದ ಬಸ್ಸಿನ ಮೇಲೆ ಹುಟ್ಟಿದ ಆ ವಿಚಾರ ಮುಂಬೈಯ ಚಾಳುಗಳ, ಅಂದರೆ ಸಾಲು ಖೋಲಿಗಳ ಹಳೆಯ ಬಾಡಿಗೆ ಕಟ್ಟಡಗಳ, ಮೊಕದ್ದಮೆಯಲ್ಲಿ ಬಿದ್ದುಹೋಯಿತು. ಕನ್ನಡದವರಾದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಆ ಪೀಠದಲ್ಲಿದ್ದು, ಭಾಗಶಃ ಒಪ್ಪಿ ಬೇರೆಯೇ ತೀರ್ಪು ಬರೆದರು.

ಇದಕ್ಕೂ ಮೊದಲೇ, 1997ರ ಡಿಸೆಂಬರಿನಲ್ಲಿ, ಸುಪ್ರೀಂ ಕೋರ್ಟು ಇನ್ನೊಂದು ಮಾತು ಹೇಳಿತ್ತು. ಕಾನೂನಿನ ಪುಸ್ತಕಗಳಲ್ಲಿ ಅದು ಮಲ್ಪೆ ವಿಶ್ವನಾಥ ಆಚಾರ್ಯ ಮೊಕದ್ದಮೆ. 1940ರ ಬಾಡಿಗೆಯನ್ನು ಹಾಗೇ ಹಿಡಿದಿಡುವುದು ಮೊದಲು ಸರಿಯಾಗಿದ್ದಿರಬಹುದು, ಕಾಲ ಸರಿದಂತೆ ಅದು ವಿವೇಚನೆಯಿಲ್ಲದ ಕಟ್ಟಳೆಯಾಗಿದೆ ಎಂದಿತು ಕೋರ್ಟು. ಹೊಸ ಕಾನೂನು ಬರುವುದರಲ್ಲಿದ್ದುದರಿಂದ ಹಳೆಯದನ್ನು ಒಮ್ಮೆಗೇ ತಳ್ಳಿಹಾಕಲಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾನೂನು ವರ್ಷಕ್ಕೆ ನೂರಕ್ಕೆ ನಾಲ್ಕರಷ್ಟು ಏರಿಸಲು ಬಿಟ್ಟಿತು, ಬ್ಯಾಂಕುಗಳಿಗೆ, ದೊಡ್ಡ ಕಂಪನಿಗಳಿಗೆ ಇದ್ದ ರಕ್ಷಣೆ ತೆಗೆಯಿತು, ಪಗಡಿಯನ್ನೂ ಕಾನೂನಿನ ಒಳಗೆ ತಂದಿತು. ಆದರೆ ನೂರರ ಬಾಡಿಗೆ ವರ್ಷಕ್ಕೆ ನಾಲ್ಕು ರೂಪಾಯಿ ಏರಿದರೆ ಸೋರುವ ಮಾಡು ನಿಲ್ಲುತ್ತದೆಯೇ?

ಕೊನೆಗೆ ಸರ್ಕಾರ ಕಂಡುಕೊಂಡ ದಾರಿ ಹೀಗಿದೆ. ಹಳೆಯ ಕಟ್ಟಡ ಕೆಡವಿ ಬಾಡಿಗೆದಾರರಿಗೆ ಅಲ್ಲೇ ಪುಕ್ಕಟೆಯಾಗಿ ಸ್ವಂತ ಮನೆ ಕೊಡುವ ಬಿಲ್ಡರನಿಗೆ ಹೆಚ್ಚುವರಿ ಎಫ್‌ಎಸ್‌ಐ ಕೊಡುವುದು. ಆ ಹೆಚ್ಚಿನ ಚದರಡಿಯನ್ನು ಅವನು ಪೇಟೆಯ ಬೆಲೆಗೆ ಮಾರಿ ಖರ್ಚು, ಲಾಭ ಎರಡನ್ನೂ ತೆಗೆಯುತ್ತಾನೆ. ಸರ್ಕಾರದ ಖಜಾನೆಯಿಂದ ಪೈಸೆ ಹೋಗುವುದಿಲ್ಲ. ಮಾಲೀಕನ ಜೇಬಿನಲ್ಲಿ ಇನ್ನು ತೆಗೆಯಲು ಏನೂ ಉಳಿಯದಿದ್ದಾಗ ಆಕಾಶವನ್ನು ಮಾರಲು ತೊಡಗಿದರು ಎನ್ನಬಹುದು. ಭೆಂಡಿ ಬಜಾರಿನಲ್ಲಿ ಹದಿನಾರೂವರೆ ಎಕರೆಯ ಸುಮಾರು 250 ಕಟ್ಟಡಗಳನ್ನು ಒಟ್ಟಿಗೇ ಕಟ್ಟುವ ಕೆಲಸ ಒಂದು ಟ್ರಸ್ಟಿನ ಕೈಯಲ್ಲಿ ನಡೆದಿದೆ. 1920ರ ದಶಕದಲ್ಲಿ ಸರ್ಕಾರವೇ ಕಟ್ಟಿದ್ದ ಬಿ.ಡಿ.ಡಿ. ಚಾಳುಗಳಲ್ಲಿ 160 ಚದರಡಿಯ ಖೋಲಿಯಲ್ಲಿದ್ದ 556 ಕುಟುಂಬಗಳಿಗೆ 2025ರ ಆಗಸ್ಟಿನಲ್ಲಿ ವರ್ಲಿಯಲ್ಲಿ 500 ಚದರಡಿಯ ಮನೆಯ ಬೀಗದ ಕೈ ಸಿಕ್ಕಿತು. ಇವು ಸಣ್ಣ ಮಾತಲ್ಲ. ಆದರೆ ಈ ಉಪಾಯ ನಡೆಯುವುದು ನೆಲದ ಬೆಲೆ ಹೆಚ್ಚಿರುವಲ್ಲಿ ಮಾತ್ರ. ಇಕ್ಕಟ್ಟಿನ ನಿವೇಶನದ ಚಾಳಿಗೆ ಬಿಲ್ಡರ್ ತಿರುಗಿಯೂ ನೋಡುವುದಿಲ್ಲ. ಅರ್ಧಕ್ಕೆ ನಿಂತ ಯೋಜನೆಗಳ ಜನ ತಾತ್ಕಾಲಿಕ ಶಿಬಿರಗಳಲ್ಲಿ ದಶಕಗಳನ್ನು ಕಳೆದಿದ್ದಾರೆ. ಗೋಪುರದ ಮನೆ ಸಿಕ್ಕಿದವರಿಗೂ ಲಿಫ್ಟು, ನೀರು, ಕಾವಲಿನ ತಿಂಗಳ ಖರ್ಚು ಹಳೆಯ ಬಾಡಿಗೆಯ ಹತ್ತಾರು ಪಟ್ಟು. ಎಲ್ಲಕ್ಕಿಂತ ಮುಖ್ಯವಾಗಿ, ಕೆಡವಿದ್ದು ಬಾಡಿಗೆಯ ಮನೆ, ಕಟ್ಟಿದ್ದು ಸ್ವಂತದ ಮನೆ. ನಾಳೆ ಊರಿಗೆ ಬರುವ ಹುಡುಗನಿಗೆ ಕೈಗೆಟುಕುವ ಬಾಡಿಗೆಯ ಮನೆ ಒಂದೂ ಹೆಚ್ಚಲಿಲ್ಲ.

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ಗಾದೆ ನಮಗೆಲ್ಲ ಗೊತ್ತು. ಮುಂಬೈಯಲ್ಲಿ ಎಂಟು ದಶಕ ನಡೆದದ್ದು ಇದೇ. ಜನರಿಗೆ ಮಾತು ಕೊಟ್ಟವರು ವಿಧಾನಸಭೆಯಲ್ಲಿದ್ದರು. ಅದರ ಖರ್ಚನ್ನು ಮೊದಲು ಮಾಲೀಕ ಕೊಟ್ಟ, ಅವನು ಕೈಬಿಟ್ಟಾಗ ಕಟ್ಟಡ ಕೊಟ್ಟಿತು, ಆಮೇಲೆ ಪಗಡಿ ಕೊಟ್ಟ ಹೊಸಬ, ಈಗ ಹೆಚ್ಚಿನ ಬೆಲೆ ಕೊಟ್ಟು ಮೇಲಿನ ಮಹಡಿ ಕೊಳ್ಳುವವನು. ಮಾತು ಕೊಟ್ಟವರು ಮಾತ್ರ ಕೊಡಲಿಲ್ಲ.

ಖರ್ಚನ್ನು ತಾನೇ ಹೊತ್ತ ಊರು ಇಲ್ಲವೇ? ಇದೆ. ಆಸ್ಟ್ರಿಯಾದ ವಿಯೆನ್ನಾದಲ್ಲೂ ಮೊದಲ ಯುದ್ಧದ ಕಾಲಕ್ಕೆ ಬಾಡಿಗೆ ನಿಯಂತ್ರಣ ಬಂತು. ಅಲ್ಲಿಯೂ ಮನೆ ಕಟ್ಟುವ ಖಾಸಗಿಯವರು ಹಿಂಜರಿದರು, ನೆಲದ ಬೆಲೆ ಕುಸಿಯಿತು. ಆದರೆ ಆ ಅಗ್ಗದ ನೆಲವನ್ನು ನಗರಸಭೆಯೇ ಕೊಂಡಿತು. 1923ರಲ್ಲಿ ನಗರದ ಹಣಕಾಸು ನೋಡುತ್ತಿದ್ದ ಹ್ಯೂಗೋ ಬ್ರೈಟ್ನರ್ ವಸತಿ ತೆರಿಗೆಯೊಂದನ್ನು ತಂದರು; ದೊಡ್ಡ ಮನೆಗೆ ದೊಡ್ಡ ತೆರಿಗೆ, ಚಿಕ್ಕದಕ್ಕೆ ಚಿಕ್ಕದು. ಆ ಹಣದಿಂದ 1934ರೊಳಗೆ ಅರವತ್ತು ಸಾವಿರದಷ್ಟು ಮನೆಗಳೆದ್ದವು. ಇಂದು ಆ ನಗರಸಭೆಯ ಕೈಯಲ್ಲಿ ಸುಮಾರು 2 ಲಕ್ಷ 20 ಸಾವಿರ ಬಾಡಿಗೆ ಮನೆಗಳಿವೆ. ಅಲ್ಲಿಯೂ ಹೊಸಬರು ಕಾಯಬೇಕು. ಎರಡು ವರ್ಷ ಆ ಊರಿನಲ್ಲಿ ವಾಸವಿದ್ದ ಮೇಲೆಯೇ ಅರ್ಜಿ. ಅದು ಸ್ವರ್ಗವಲ್ಲ. ಆದರೆ ಬಾಡಿಗೆಯನ್ನು ತಡೆದ ಕೈಯೇ ಮನೆಯನ್ನೂ ಕಟ್ಟಿತು ಎಂಬುದು ಮುಂಬೈಗೂ ವಿಯೆನ್ನಾಕ್ಕೂ ಇರುವ ಅಂತರ.

ಬೆಂಗಳೂರಿನಲ್ಲಿ ನಾವು ಇದರ ಎದುರು ತುದಿಯಲ್ಲಿದ್ದೇವೆ. 1999ರ ಕರ್ನಾಟಕ ಬಾಡಿಗೆ ಕಾನೂನು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಯನ್ನು ಹೊರಗಿಟ್ಟಿದೆ. ಇಂದು ಬೆಂಗಳೂರಿನಲ್ಲಿ ಆ ಬಾಡಿಗೆಗೆ ಸಂಸಾರ ಹೂಡುವ ಮನೆ ಎಲ್ಲಿದೆ? ಹತ್ತು ತಿಂಗಳ ಅಡ್ವಾನ್ಸು, ಹನ್ನೊಂದು ತಿಂಗಳ ಕರಾರು, ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಕಡಿತ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ, ವ್ಯಾಜ್ಯಕ್ಕೆ ಪ್ರತ್ಯೇಕ ನ್ಯಾಯಾಲಯ ಎನ್ನುತ್ತದೆ, ಬಾಡಿಗೆಯ ಮೊತ್ತವನ್ನು ಮಾತ್ರ ಎರಡು ಕಡೆಯವರಿಗೇ ಬಿಡುತ್ತದೆ. ಮಾದರಿ ಕಾಯ್ದೆ ರಾಜ್ಯ ಒಪ್ಪಿಕೊಂಡರೆ ಮಾತ್ರ ಜಾರಿ. ಮುಂಬೈಯ ಪಾಠದ ಮುಂದೆ ಅದರ ಒಂದು ಭಾಗ ನನಗೆ ಸರಿ ಕಾಣುತ್ತದೆ. ಠೇವಣಿಗೆ ಮಿತಿ, ಎಬ್ಬಿಸಲು ಕ್ರಮ, ಬೇಗ ತೀರ್ಮಾನ, ಇವುಗಳಿಂದ ಮಾಲೀಕನ ಗಂಟು ಕರಗುವುದಿಲ್ಲ. ಬಾಡಿಗೆದಾರನಿಗೆ ನೆಮ್ಮದಿ ಸಿಗುತ್ತದೆ. ಇದು ರಕ್ಷಣೆಯ ಅಗ್ಗದ ಭಾಗ, ಇದನ್ನು ಯಾವ ಸರ್ಕಾರವೂ ನಾಳೆಯೇ ಮಾಡಬಹುದು.

ದುಬಾರಿಯ ಭಾಗ ಬೇರೆ. ಹದಿನೈದು ಸಾವಿರ ಸಂಬಳದ ಕಾವಲುಗಾರನಿಗೂ ಪೌರಕಾರ್ಮಿಕಳಿಗೂ ಅವರ ಕೆಲಸದ ಹತ್ತಿರ ಮನೆ ಬೇಕೆಂದರೆ ಅವರು ಕೊಡಬಲ್ಲ ಬಾಡಿಗೆಗೆ ಪೇಟೆ ಮನೆ ಕಟ್ಟುವುದಿಲ್ಲ, ಮಾಲೀಕನಿಗೆ ಅಪ್ಪಣೆ ಮಾಡಿದರೂ ಬಹುಕಾಲ ನಡೆಯುವುದಿಲ್ಲ. ಅದಕ್ಕೆ ನಗರದ ನೆಲ ಬೇಕು, ನಗರದ ತೆರಿಗೆಯಲ್ಲಿ ಪಾಲು ಬೇಕು. ಮೆಟ್ರೋ ಬಂದು ಯಾರ ನಿವೇಶನದ ಬೆಲೆ ಏರಿತೋ ಅವರಿಂದ ಅದರಲ್ಲೊಂದು ಭಾಗ ಬರಬೇಕು. ಸರ್ಕಾರಿ ಜಮೀನನ್ನು ಹರಾಜು ಹಾಕುವ ಬದಲು ಅದರ ಮೇಲೆ ಬಾಡಿಗೆಯ ಮನೆ ಕಟ್ಟಿ, ಒಡೆತನವನ್ನು ಊರೇ ಇಟ್ಟುಕೊಳ್ಳಬೇಕು. ಕೊಟ್ಟುಬಿಟ್ಟ ಮನೆ ಒಂದು ಕುಟುಂಬಕ್ಕೆ ಒಮ್ಮೆ; ಬಾಡಿಗೆಗೆ ಇಟ್ಟ ಮನೆ ತಲೆಮಾರಿಗೊಂದು ಕುಟುಂಬಕ್ಕೆ.

ಆದ್ದರಿಂದ ಮುಂದಿನ ಸಲ ಪಾಲಿಕೆಯ ಚುನಾವಣೆಗೆ ಮತ ಕೇಳಲು ಬಂದವರು ಬಾಡಿಗೆದಾರರ ಪರ ಎಂದರೆ ಸಂತೋಷಪಡಿ, ಹೂಡಿಕೆಯ ಪರ ಎಂದರೂ ತಪ್ಪು ತಿಳಿಯಬೇಡಿ. ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿ: ಈ ವಾರ್ಡಿನಲ್ಲಿ ಎಷ್ಟು ಬಾಡಿಗೆಯ ಮನೆ ಕಟ್ಟುತ್ತೀರಿ, ಬಜೆಟ್ಟಿನ ಯಾವ ಸಾಲಿನಲ್ಲಿ ಅದರ ಹಣವಿದೆ? ಉತ್ತರದಲ್ಲಿ ಮೊತ್ತವಿದ್ದರೆ ಅದು ಯೋಜನೆ. ಮೊತ್ತವಿಲ್ಲದಿದ್ದರೆ, ಆ ಖರ್ಚು ಒಂದಲ್ಲ ಒಂದು ದಿನ ನಿಮ್ಮಲ್ಲೇ ಯಾರದೋ ತಲೆಯ ಮೇಲೆ ಬೀಳಲಿದೆ ಎಂದು ತಿಳಿಯಿರಿ.